ನೆರಳಲ್ಲಿ ಒಣಗಿದ ಸೊಪ್ಪು

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನವನಲ್ವಾ, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಎಂದರು. ನಾನು "ಸೊಪ್ಪು ಒಣಗಿಸೋದರ ಬಗ್ಗೆ ಮಾತಾಡ್ತೀನಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಸರಿ, ಏನೋ ಒಂದು, ಹೆಚ್ಚು ಉದ್ದ ಮಾಡಬೇಡ" ಎಂದರು. ಹಾಗಾಗಿ ಉದ್ದ ಮಾಡದೆ ಹೇಳಲು ಪ್ರಯತ್ನಿಸುತ್ತೇನೆ.

ಈ ವಿಷಯ ಯಾಕೆ ಎಂದರೆ, ಇದರಲ್ಲಿ ನಾನು ಮಾಡಿದ ತಪ್ಪುಗಳಿವೆ. ಅವುಗಳಿಂದ ನಮ್ಮ ಅಮ್ಮ ಮತ್ತು ಅವರ ಸಂಘದ ಹೆಂಗಸರು ನಷ್ಟ ಅನುಭವಿಸಿದ್ದಾರೆ. ನಮ್ಮ ಮನೆಯವರೊಬ್ಬರು ಅದಕ್ಕಿಂತ ದೊಡ್ಡ ಬೆಲೆ ಕೊಟ್ಟಿದ್ದಾರೆ. ಅದನ್ನು ಊರಿನವರ ಮುಂದೆ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಗಲಿಕ್ಕಿಲ್ಲ.

ನಿಮಗೆಲ್ಲ ಗೊತ್ತಿರುವಂತೆ, ನಮ್ಮ ಅಮ್ಮ ಮತ್ತು ಅವರ ಜೊತೆಯ ಹನ್ನೆರಡು ಜನ ಹೆಂಗಸರು ಸಂಘ ಮಾಡಿಕೊಂಡು ನುಗ್ಗೆ ಸೊಪ್ಪಿನ ಪುಡಿ ಮಾಡುತ್ತಾರೆ. ಜೊತೆಗೆ ಸ್ವಲ್ಪ ತುಳಸಿ, ಸ್ವಲ್ಪ ಒಂದೆಲಗ. ಶುರುವಾದದ್ದು ನಮ್ಮ ಅಜ್ಜಿಯ ಕಾಲದ ಪದ್ಧತಿಯಲ್ಲಿ. ಸೊಪ್ಪು ಬಿಡಿಸಿ, ತೊಳೆದು, ನೀರು ಬಸಿದು, ಪಡಸಾಲೆಯಲ್ಲಿ ಹಳೆಯ ಹತ್ತಿ ಸೀರೆ ಹಾಸಿ ತೆಳ್ಳಗೆ ಹರಡುವುದು. ದಿನಕ್ಕೆ ಎರಡು ಸಲ ಕೈಯಾಡಿಸುವುದು. ನಾಲ್ಕೈದು ದಿನಕ್ಕೆ ಸೊಪ್ಪು ಗರಿಗರಿಯಾಗುತ್ತಿತ್ತು, ಆದರೆ ಹಸಿರು ಹೋಗುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಒಮ್ಮೆ ಮೊರವನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದಕ್ಕೆ ಅಜ್ಜಿ ಬೈದದ್ದು ಇನ್ನೂ ನೆನಪಿದೆ: "ಬಿಸ್ಲಿಗೆ ಹಾಕ್ಬೇಡ ಕಣೋ, ಸೊಪ್ಪಿನ ಜೀವ ಹೋಗುತ್ತೆ."

ಸೊಪ್ಪಿನ ಜೀವ ಎಂದರೆ ಏನು ಎಂದು ಆಗ ಕೇಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ನಷ್ಟ ಮಾಡಿಕೊಂಡ ಮೇಲೆ ಕೇಳಿದೆ.

ಬೆಂಗಳೂರಿನ ನನ್ನ ಸಹೋದ್ಯೋಗಿಗಳ ಮನೆಗಳಿಗೆ ಪುಡಿ ಹೋಗತೊಡಗಿತು. ಅಲ್ಲಿಂದ ಒಂದು ಅಂಗಡಿಗೆ. ಒಂದು ಸಲ ಒಟ್ಟಿಗೆ 40 ಕೆಜಿ ಬೇಕು ಎಂದರು. ಪಡಸಾಲೆ ಸಾಲದು. ನಾನು ಬುದ್ಧಿವಂತ ನೋಡಿ, ಅಮ್ಮನಿಗೆ ಹೇಳಿದೆ: "ತಾರಸಿ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ ಬಿಸಿಲಲ್ಲಿ ಹರಡಿ. ಐದು ದಿನದ್ದು ಒಂದೇ ದಿನಕ್ಕೆ ಮುಗಿಯುತ್ತೆ." ಮುಗಿಯಿತು. ಆದರೆ ಪುಡಿ ಹಸಿರಾಗಿರಲಿಲ್ಲ. ಒಣಹುಲ್ಲಿನ ಬಣ್ಣ, ಒಣಹುಲ್ಲಿನದೇ ವಾಸನೆ. ಅಂಗಡಿಯವರು ಎಲ್ಲವನ್ನೂ ವಾಪಸ್ ಕಳಿಸಿದರು.

ಎರಡನೇ ಸಲ ಹಳೆಯದೊಂದು ಟ್ರೇ ಡ್ರೈಯರ್ ಕೊಂಡು ತಂದೆ. ವಿದ್ಯುತ್ತಿನಿಂದ ಗಾಳಿ ಕಾಯಿಸಿ ತಟ್ಟೆಗಳ ಮೇಲೆ ಊದುವ ಪೆಟ್ಟಿಗೆ ಅದು. ಕರೆಂಟ್ ಇರುವಷ್ಟರಲ್ಲಿ ಕೆಲಸ ಮುಗಿಯಲಿ ಎಂದು 80 ಡಿಗ್ರಿಗೆ ಇಟ್ಟೆ. ಸೊಪ್ಪು ಕಂದಾಯಿತು, ತುಳಸಿಯ ಘಮ ಪೂರಾ ಹೋಯಿತು. ಡ್ರೈಯರ್ ಇಟ್ಟ ಕೋಣೆಯಲ್ಲಿ ಮಾತ್ರ ಇಡೀ ದಿನ ತುಳಸಿ ವಾಸನೆ! ಎಲೆಯಲ್ಲಿ ಇರಬೇಕಾದದ್ದು ಗಾಳಿಗೆ ಹೋಗಿತ್ತು.

ಮೂರನೇ ಸಲ, ತಪ್ಪಾಯಿತು ಎಂದು ಅಜ್ಜಿಯ ದಾರಿಗೇ ಮರಳಿ ನೆರಳಲ್ಲೇ ಹಾಕಿದೆವು. ಆದರೆ ಅದು ಜುಲೈ ತಿಂಗಳು, ವಾರವಿಡೀ ಮೋಡ, ಜಡಿಮಳೆ. ಆರನೇ ದಿನ ಸೊಪ್ಪಿನ ಅಡಿಯಲ್ಲಿ ಬೂಷ್ಟು ಬಂದಿತ್ತು. ಎಲ್ಲವನ್ನೂ ತಿಪ್ಪೆಗೆ ಹಾಕಿದೆವು. ಅಮ್ಮ ಏನೂ ಅನ್ನಲಿಲ್ಲ. "ಇನ್ನೇನ್ ಮಾಡಾದು ಹೇಳು" ಎಂದರು, ಅಷ್ಟೇ. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನನಗೆ ತಟ್ಟಿತು.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಪ್ರೋಗ್ರಾಂ ಕೆಟ್ಟರೆ ಮೊದಲು ಯಾಕೆ ಕೆಟ್ಟಿತು ಎಂದು ಪತ್ತೆ ಮಾಡಬೇಕು, ಆಮೇಲೆ ಕೈ ಹಾಕಬೇಕು. ಸೊಪ್ಪಿನ ವಿಷಯದಲ್ಲಿ ನಾನು ಉಲ್ಟಾ ಮಾಡಿದ್ದೆ. ಆಗ ಕೂತು ಓದಲು ಶುರು ಮಾಡಿದೆ. ಓದಿ ತಿಳಿದುಕೊಂಡದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ತಪ್ಪಿದ್ದರೆ ವಿಜ್ಞಾನದ ಮೇಷ್ಟ್ರು ಇಲ್ಲೇ ಇದ್ದಾರೆ, ಮೊದಲಿನ ಹಾಗೆಯೇ ಕಿವಿ ಹಿಂಡಲಿ.

ಬದನೆಕಾಯಿ ಹೆಚ್ಚಿ ಇಟ್ಟರೆ ಏನಾಗುತ್ತದೆ? ಕಪ್ಪಾಗುತ್ತದೆ. ಅದಕ್ಕೇ ತಾಯಂದಿರು ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತಾರೆ. ಬದನೆಯ ಒಳಗೆ ಫೀನಾಲ್ ಎಂಬ ಗುಂಪಿನ ವಸ್ತುಗಳಿವೆ. ಒಗರು ರುಚಿ ಕೊಡುವುದು ಹೆಚ್ಚಾಗಿ ಇವೇ. ಅದೇ ಬದನೆಯಲ್ಲಿ ಒಂದು ಕಿಣ್ವವೂ ಇದೆ, ಹೆಸರು ಪಾಲಿಫೀನಾಲ್ ಆಕ್ಸಿಡೇಸ್. ಜೀವಕೋಶ ಗಟ್ಟಿಯಾಗಿರುವವರೆಗೆ ಇವೆರಡೂ ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಚಾಕು ಆಡಿತೋ, ಗೋಡೆ ಒಡೆದು ಎರಡೂ ಸೇರುತ್ತವೆ. ಗಾಳಿಯ ಆಮ್ಲಜನಕವೂ ಬಂದು ಕೂಡಿಕೊಂಡು ಕಪ್ಪು ಬಣ್ಣ ಹುಟ್ಟುತ್ತದೆ. ನೀರಿಗೆ ಹಾಕಿದರೆ ಗಾಳಿ ತಾಕುವುದು ಕಡಿಮೆ, ಹಾಗಾಗಿ ಕಪ್ಪಾಗುವುದೂ ತಡ.

ಎಲೆಯಲ್ಲೂ ಇದೇ ಏರ್ಪಾಡು. ಫೀನಾಲ್‌ಗಳು ಜೀವಕೋಶದ ರಸದಾನಿಯಲ್ಲಿ, ಕಿಣ್ವ ಹೆಚ್ಚಾಗಿ ಹಸಿರು ಪತ್ರಹರಿತ್ತಿನ ಕಣಗಳಲ್ಲಿ. ಎಲೆ ಬಾಡುವಾಗ ಜೀವಕೋಶ ಕುಗ್ಗಿ ಒಳಗಿನ ಪೊರೆಗಳು ಹರಿಯುತ್ತವೆ. ಆಗ ಎರಡೂ ಬೆರೆಯುತ್ತವೆ. ಚಹಾ ಇದಕ್ಕೆ ದೊಡ್ಡ ಉದಾಹರಣೆ. ಚಹಾ ಎಲೆಯನ್ನು ಬಾಡಿಸಿ, ಹೊಸಕಿ, ಈ ಕಿಣ್ವಕ್ಕೆ ಬೇಕೆಂದೇ ಕೆಲಸ ಕೊಟ್ಟರೆ ನಾವು ಕುಡಿಯುವ ಕಪ್ಪು ಚಹಾ ಆಗುತ್ತದೆ. ಕಿತ್ತ ಎಲೆಯನ್ನು ಬೇಗ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿ ಕಿಣ್ವವನ್ನು ಕೊಂದುಬಿಟ್ಟರೆ ಹಸಿರು ಚಹಾ. ಒಂದೇ ಗಿಡ, ಒಂದೇ ಎಲೆ. ವ್ಯತ್ಯಾಸವೆಲ್ಲ ಕಿತ್ತ ಮೇಲೆ ನಾವು ಮಾಡುವುದರಲ್ಲಿ.

ಈಗ ಎಲ್ಲ ಪೊಟ್ಟಣಗಳ ಮೇಲೂ ಕಾಣುವ ಆ ಪದಕ್ಕೆ ಬರುತ್ತೇನೆ: ಆಂಟಿಆಕ್ಸಿಡೆಂಟ್. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಹಳೆಯ ಎಣ್ಣೆ ಕಮಟಾಗುವುದು, ಹೆಚ್ಚಿದ ಬದನೆ ಕಪ್ಪಾಗುವುದು, ಇವೆಲ್ಲ ಆಮ್ಲಜನಕದೊಡನೆ ನಡೆಯುವ ಉತ್ಕರ್ಷಣೆ. ಇದನ್ನು ತಡೆಯುವ ಅಥವಾ ತಡಮಾಡುವ ವಸ್ತುವೇ ಆಂಟಿಆಕ್ಸಿಡೆಂಟ್, ಕನ್ನಡದಲ್ಲಿ ಉತ್ಕರ್ಷಣ ನಿರೋಧಕ. ವಿಟಮಿನ್ ಸಿ ಅಂಥದ್ದು, ಎಲೆಯ ಫೀನಾಲ್‌ಗಳು ಅಂಥವು, ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೋಟಿನ್ ಅಂಥದ್ದು. ಜೋಡಿ ತಪ್ಪಿದ ಒಂಟಿ ಎಲೆಕ್ಟ್ರಾನ್ ಇರುವ ಕಣಗಳನ್ನು ಸ್ವತಂತ್ರ ರಾಡಿಕಲ್ ಎನ್ನುತ್ತಾರೆ. ಅವು ಸಿಕ್ಕವರ ಜೋಡಿ ಮುರಿಯುತ್ತವೆ. ಆಂಟಿಆಕ್ಸಿಡೆಂಟ್ ತನ್ನದನ್ನೇ ಕೊಟ್ಟು ಅವುಗಳನ್ನು ಸಮಾಧಾನ ಮಾಡುತ್ತದೆ.

ಇದನ್ನು ಅಳೆಯುವುದು ಹೇಗೆ? ಪ್ರಯೋಗಾಲಯದಲ್ಲಿ ಡಿಪಿಪಿಎಚ್ ಎಂಬ ಪುಡಿ ಬಳಸುತ್ತಾರೆ. ಮದ್ಯಸಾರದಲ್ಲಿ ಕರಗಿಸಿದರೆ ಕಡು ನೇರಳೆ ಬಣ್ಣ. ಎಲೆಯ ಸಾರ ಹಾಕಿದರೆ ಅದರಲ್ಲಿರುವ ಆಂಟಿಆಕ್ಸಿಡೆಂಟ್ ಎಷ್ಟೋ ಅಷ್ಟು ನೇರಳೆ ಕಳೆದು ಹಳದಿಗೆ ತಿರುಗುತ್ತದೆ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಈ ಪರೀಕ್ಷೆಯನ್ನು ಇಂದಿಗೂ ಲೋಕವೆಲ್ಲ ಬಳಸುತ್ತದೆ.

ಸೊಪ್ಪನ್ನು ಒಣಗಿಸುವಾಗ ಈ ವಸ್ತುಗಳನ್ನು ಹಾಳುಮಾಡುವವರು ನಾಲ್ಕು ಜನ: ಕಿಣ್ವ, ಬಿಸಿ, ಬೆಳಕು, ಸಮಯ. ಇವರ ಜೊತೆ ಗಾಳಿಯ ಆಮ್ಲಜನಕ ಯಾವಾಗಲೂ ಇದ್ದೇ ಇರುತ್ತದೆ. ತೊಂದರೆ ಏನೆಂದರೆ, ಒಬ್ಬನನ್ನು ತಡೆಯಲು ಹೋದರೆ ಇನ್ನೊಬ್ಬ ಒಳಗೆ ಬರುತ್ತಾನೆ.

ಬಿಸಿಲನ್ನು ನೋಡಿ. ಸಮಯ ಕಡಿಮೆ, ಖರ್ಚಿಲ್ಲ. ಆದರೆ ಬೆಳಕು, ಅದರಲ್ಲೂ ನೇರಳಾತೀತ ಕಿರಣ, ಪತ್ರಹರಿತ್ತನ್ನೂ ಕ್ಯಾರೋಟಿನ್ನನ್ನೂ ಒಡೆಯುತ್ತದೆ. ನಮ್ಮ ತಾರಸಿಯ ಪುಡಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದು ಇದಕ್ಕೇ. ಜೊತೆಗೆ ಪ್ಲಾಸ್ಟಿಕ್ ಶೀಟಿನ ಮೇಲೆ ಕಾವು ಏರುತ್ತದೆ, ಅಡಿಯಲ್ಲಿ ಗಾಳಿ ಆಡುವುದಿಲ್ಲ, ಎಲೆ ಬಿಟ್ಟ ಬೆವರು ಅಲ್ಲೇ ನಿಲ್ಲುತ್ತದೆ. ಆಮೇಲೊಂದು ದಿನ ನಾನು ಸಣ್ಣ ಉಷ್ಣಮಾಪಕ ಇಟ್ಟು ನೋಡಿದೆ. ಮಾರ್ಚ್ ತಿಂಗಳ ಮಧ್ಯಾಹ್ನ ಆ ಶೀಟಿನ ಮೇಲೆ 55 ಡಿಗ್ರಿ ದಾಟಿತ್ತು.

ನೆರಳಿನಲ್ಲಿ ಬೆಳಕಿನ ಕಾಟವಿಲ್ಲ, ಬಿಸಿಯೂ ಇಲ್ಲ. ಅಜ್ಜಿ ಹೇಳಿದ "ಜೀವ" ಬಹುಶಃ ಇದೇ. ಬಣ್ಣ, ಘಮ, ಒಗರು. ಆಯುರ್ವೇದದಲ್ಲೂ ಎಲೆ, ಹೂವುಗಳನ್ನು ನೆರಳಲ್ಲಿ ಒಣಗಿಸಬೇಕು ಎಂಬುದು ಹಳೆಯ ರೂಢಿ. ಆದರೆ ನೆರಳಿಗೆ ಸಮಯ ಹೆಚ್ಚು ಬೇಕು. ಎಲೆ ಒದ್ದೆಯಾಗಿದ್ದಷ್ಟೂ ಹೊತ್ತು ಕಿಣ್ವ ಕೆಲಸ ಮಾಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಒಣಗಿರುವುದರಿಂದ ಎಲೆ ಬೇಗ ಒಣಗಿ ಕಿಣ್ವ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಯೇ ನೀರು ಹೊತ್ತಿರುವಾಗ ಎಲೆಯ ನೀರನ್ನು ಯಾರು ತೆಗೆದುಕೊಳ್ಳಬೇಕು? ಕಿಣ್ವದ ಜೊತೆ ಶಿಲೀಂಧ್ರವೂ ಸೇರಿಕೊಳ್ಳುತ್ತದೆ. ಅಜ್ಜಿ ನುಗ್ಗೆಸೊಪ್ಪನ್ನು ಮಳೆಗಾಲದಲ್ಲಿ ಒಣಗಿಸುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅಜ್ಜಿಯ ಅರ್ಧ ಮಾತನ್ನು ಮಾತ್ರ ನಾವು ನೆನಪಿಟ್ಟುಕೊಂಡಿದ್ದೆವು.

ಡ್ರೈಯರ್ ಆದರೆ ಗಾಳಿ, ಬಿಸಿ ಎರಡೂ ನಮ್ಮ ಕೈಯಲ್ಲಿ. 40ರಿಂದ 60 ಡಿಗ್ರಿಯ ಒಳಗೆ ಇಟ್ಟರೆ ಬಹಳಷ್ಟು ಎಲೆಗಳು ಚೆನ್ನಾಗಿ ಒಣಗುತ್ತವೆ. ತುಳಸಿ, ದೊಡ್ಡಪತ್ರೆಯಂಥ ಘಮದ ಎಲೆಗಳಿಗೆ ಇದರಲ್ಲಿ ಕೆಳಗಿನ ತುದಿಯೇ ಒಳ್ಳೆಯದು, ಅವುಗಳ ಎಣ್ಣೆ ಬಿಸಿಗೆ ಹಾರಿಹೋಗುತ್ತದೆ. ನಾನು ಇಟ್ಟದ್ದು 80! ಇನ್ನು ಮೈಕ್ರೋವೇವ್ ಒಲೆಯಲ್ಲಿ ನಿಮಿಷಗಳಲ್ಲಿ ಒಣಗುತ್ತದೆ, ಕಿಣ್ವಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಆದರೆ ಒಂದು ಗಳಿಗೆ ಹೆಚ್ಚಾದರೆ ಸೀದುಹೋಗುತ್ತದೆ. ಎಲ್ಲಕ್ಕಿಂತ ದುಬಾರಿಯದು ಫ್ರೀಜ್ ಡ್ರೈಯಿಂಗ್. ಎಲೆಯನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟು, ಮಂಜುಗಡ್ಡೆಯನ್ನು ನೀರಾಗಲು ಬಿಡದೆ ನೇರವಾಗಿ ಆವಿ ಮಾಡುವುದು. ಬಣ್ಣ, ವಿಟಮಿನ್ ಸಿ ಚೆನ್ನಾಗಿ ಉಳಿಯುತ್ತವೆ. ಕಿಣ್ವವೂ ಉಳಿಯುತ್ತದೆ, ಹಾಗಾಗಿ ಆ ಪುಡಿಗೆ ತೇವ ತಾಕಿದರೆ ಮತ್ತೆ ಹಳೆಯ ಕತೆಯೇ.

ಹಾಗಾದರೆ ಯಾವುದು ಎಲ್ಲಕ್ಕಿಂತ ಒಳ್ಳೆಯದು? ನಾನೂ ಇದಕ್ಕೆ ಒಂದೇ ಸಾಲಿನ ಉತ್ತರ ಹುಡುಕುತ್ತಿದ್ದೆ. ಸಿಕ್ಕದ್ದು ಒಂದಕ್ಕೊಂದು ವಿರುದ್ಧವಾದ ಎರಡು ಉತ್ತರ. 2009ರಲ್ಲಿ ಮಲೇಷ್ಯಾದ ಸಂಶೋಧಕರು ಶುಂಠಿಯ ಬಳಗದ ಗಿಡಗಳ ಎಲೆ ತೆಗೆದುಕೊಂಡು ನೋಡಿದರು. ಬಿಸಿಲು, ಓವನ್, ಮೈಕ್ರೋವೇವ್, ಹೀಗೆ ಬಿಸಿ ತಾಕಿದ ವಿಧಾನಗಳಲ್ಲೆಲ್ಲ ಆಂಟಿಆಕ್ಸಿಡೆಂಟ್ ಶಕ್ತಿ ಇಳಿಯಿತು. ಫ್ರೀಜ್ ಡ್ರೈಯಿಂಗ್ ಗೆದ್ದಿತು. ಮರುವರ್ಷ, 2010ರಲ್ಲಿ, ಐರ್ಲೆಂಡಿನಲ್ಲಿ ರೋಸ್‌ಮೇರಿ, ಓರೆಗಾನೊ ಮುಂತಾದ ಆರು ಗಿಡಗಳ ಮೇಲೆ ಇದೇ ಪ್ರಶ್ನೆ ಕೇಳಿದರು. ಅಲ್ಲಿ ಸುಮ್ಮನೆ ಗಾಳಿಯಲ್ಲಿ ಒಣಗಿದ ಎಲೆಯೇ ಫ್ರೀಜ್ ಡ್ರೈಯಿಂಗನ್ನು ಹಿಂದೆ ಹಾಕಿತು. ಅಷ್ಟೇ ಅಲ್ಲ, ಹಸಿ ಎಲೆಯೇ ಎಲ್ಲಕ್ಕಿಂತ ಹಿಂದೆ! ಆ ಆರೂ ಗಿಡಗಳು ನಮ್ಮ ತುಳಸಿ, ದೊಡ್ಡಪತ್ರೆಗಳ ಕುಟುಂಬದವು.

ಇದು ಹೇಗೆ ಸಾಧ್ಯ? ಕಿತ್ತ ಎಲೆ ತಕ್ಷಣ ಸಾಯುವುದಿಲ್ಲ. ಒಣಗುವ ಸಂಕಟದಲ್ಲಿ ಅದು ಇನ್ನಷ್ಟು ಫೀನಾಲ್ ತಯಾರಿಸಬಹುದು. ಒಣಗಿದ ಎಲೆಯ ಗೋಡೆಗಳು ಒಡೆದಿರುವುದರಿಂದ ಸಾರ ಸುಲಭವಾಗಿ ಹೊರಬರುತ್ತದೆ. ಹೆಚ್ಚು ಬಿಸಿ ಮಾಡಿದಾಗ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಕಂದು ಬಣ್ಣದ ಹೊಸ ವಸ್ತುಗಳು ಹುಟ್ಟುತ್ತವೆ, ಅವೂ ಪರೀಕ್ಷೆಯಲ್ಲಿ ಆಂಟಿಆಕ್ಸಿಡೆಂಟ್ ಎಂದೇ ಅಂಕ ಪಡೆಯುತ್ತವೆ. ಅಂದರೆ ಅಂಕ ಹೆಚ್ಚು ಬಂದ ಮಾತ್ರಕ್ಕೆ ಎಲೆಯಲ್ಲಿ ಮೊದಲಿದ್ದ ವಸ್ತುವೇ ಉಳಿದಿದೆ ಎಂದಲ್ಲ. ಆದ್ದರಿಂದ ಉತ್ತರ ಯಾವಾಗಲೂ "ಯಾವ ಗಿಡ, ಅದರಲ್ಲಿ ನಿನಗೆ ಯಾವ ವಸ್ತು ಬೇಕು" ಎಂಬ ಪ್ರಶ್ನೆಯ ಹಿಂದೆ ಇರುತ್ತದೆ.

ಈ ಮಾತಿಗೆ ಲೋಕ ಒಪ್ಪಿದ ಒಂದು ಸಾಕ್ಷಿ ಇದೆ. ಚೀನಾದ ತು ಯೂಯೂ ಎಂಬ ವಿಜ್ಞಾನಿ ಮಲೇರಿಯಾಕ್ಕೆ ಮದ್ದು ಹುಡುಕುತ್ತ ಚಿಂಗ್‌ಹಾವ್ ಎಂಬ ಗಿಡವನ್ನು ಪರೀಕ್ಷೆ ಮಾಡುತ್ತಿದ್ದರು. ಫಲಿತಾಂಶ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಸಾವಿರದಾರುನೂರು ವರ್ಷ ಹಿಂದಿನ ಒಂದು ವೈದ್ಯಗ್ರಂಥ ತೆಗೆದು ನೋಡಿದರೆ, ಅದರಲ್ಲಿ ಗಿಡವನ್ನು ಕುದಿಸುವ ಮಾತೇ ಇಲ್ಲ. ನೀರಲ್ಲಿ ನೆನೆಸಿ, ಹಿಂಡಿ, ಆ ರಸ ಕುಡಿಯಬೇಕು ಎಂದಿತ್ತು. ಬಿಸಿಗೇ ಮದ್ದು ಕೆಡುತ್ತಿದೆಯೋ ಏನೋ ಎಂದು ಅವರಿಗೆ ಹೊಳೆಯಿತು. 1971ರಲ್ಲಿ ಕಡಿಮೆ ಉಷ್ಣತೆಯಲ್ಲಿ, ಈಥರ್ ಬಳಸಿ ಸಾರ ತೆಗೆದರು. ಮದ್ದು ಸಿಕ್ಕಿತು. ಅದೇ ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೆಯ ಮಾತನ್ನು ಅವರು ಸುಮ್ಮನೆ ನಂಬಲಿಲ್ಲ, ಸುಮ್ಮನೆ ತಳ್ಳಿಯೂ ಹಾಕಲಿಲ್ಲ. ಪರೀಕ್ಷೆ ಮಾಡಿದರು. ನಮ್ಮ ಅಜ್ಜಿಯ ಮಾತಿಗೂ ಅಷ್ಟು ಮರ್ಯಾದೆ ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳು ಗಮನವಿಟ್ಟು ಕೇಳಿ. ಹಸಿ ನುಗ್ಗೆಸೊಪ್ಪಿನಲ್ಲಿ ಮುಕ್ಕಾಲು ಭಾಗ ನೀರು. 100 ಗ್ರಾಂ ಎಲೆಯಲ್ಲಿ ಗಟ್ಟಿ ಪದಾರ್ಥ 25 ಗ್ರಾಂ. ಚೆನ್ನಾಗಿ ಒಣಗಿದ ಪುಡಿಯಲ್ಲಿ ನೀರು 8 ಗ್ರಾಂ ಇದ್ದರೆ ಗಟ್ಟಿ ಪದಾರ್ಥ 92 ಗ್ರಾಂ. ಹಾಗಾದರೆ 100 ಗ್ರಾಂ ಪುಡಿಗೆ ಎಷ್ಟು ಹಸಿ ಎಲೆ ಬೇಕು? 92ನ್ನು 25ರಿಂದ ಭಾಗಿಸಿ, 100ರಿಂದ ಗುಣಿಸಿ. ಸುಮಾರು 370 ಗ್ರಾಂ. ಒಣಗಿಸುವಾಗ ಏನೂ ನಷ್ಟವಾಗದಿದ್ದರೆ ಪುಡಿಯಲ್ಲಿ ಎಲ್ಲವೂ ಮೂರೂವರೆ ಪಟ್ಟಿಗಿಂತ ಹೆಚ್ಚಿರಬೇಕು. ಸುಣ್ಣದಂಶ, ಪ್ರೋಟೀನು ಹೆಚ್ಚುಕಡಿಮೆ ಹಾಗೇ ಇರುತ್ತವೆ. ವಿಟಮಿನ್ ಸಿ ಮಾತ್ರ ಹಾಗಲ್ಲ. ಮಾಮೂಲಿ ಒಣಪುಡಿಯಲ್ಲಿ ಅದು ಹಸಿ ಎಲೆಯಲ್ಲಿ ಇದ್ದಷ್ಟೂ ಇರುವುದಿಲ್ಲ. "ಕಿತ್ತಳೆಗಿಂತ ಏಳು ಪಟ್ಟು ವಿಟಮಿನ್ ಸಿ" ಎಂಬ ಜಾಹೀರಾತನ್ನು ನೀವು ನೋಡಿರಬಹುದು. ಅದು ಹಸಿ ಎಲೆಯ ಮಾತು. ಅದನ್ನು ತಂದು ಪುಡಿಯ ಪೊಟ್ಟಣದ ಮೇಲೆ ಹಚ್ಚುವುದು ಸುಳ್ಳು.

ಸುಳ್ಳು ಎನ್ನುವ ಅಧಿಕಾರ ನನಗಿದೆ, ಯಾಕೆಂದರೆ ಅದನ್ನು ಹಚ್ಚಿದವನು ನಾನೇ. ಸಂಘದ ಪೊಟ್ಟಣಕ್ಕೆ ಲೇಬಲ್ ಮಾಡಿಕೊಟ್ಟದ್ದು ನಾನು. ಚೆಂದ ಕಾಣಲಿ ಎಂದು ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ತುಂಬಿದ್ದೆ. "ಆಂಟಿಆಕ್ಸಿಡೆಂಟ್‌ಗಳ ಗಣಿ. ಸಕ್ಕರೆ ಕಾಯಿಲೆಗೆ ರಾಮಬಾಣ."

ನಮ್ಮ ಚಿಕ್ಕಪ್ಪ ಇದನ್ನು ಓದಿದರು. ಅಣ್ಣನ ಮಗ ಎಂಜಿನಿಯರ್, ಬರೆದಿದ್ದಾನೆ ಎಂದ ಮೇಲೆ ಸರಿಯೇ ಇರಬೇಕು ಎಂದು ನಂಬಿದರು. ದಿನಾ ಎರಡು ಚಮಚ ಪುಡಿ ತಿಂದು, ಸಕ್ಕರೆಯ ಮಾತ್ರೆ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಕಾಲಿಗೆ ಒಂದು ಸಣ್ಣ ಗಾಯವಾಯಿತು, ಮಾಯಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಒಂದು ಬೆರಳು ತೆಗೆಯಬೇಕಾಯಿತು. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಇದನ್ನು ಹೇಳಲಾ ಎಂದು ನಿನ್ನೆ ರಾತ್ರಿ ಕೇಳಿದೆ. "ಹೇಳಪ್ಪ, ನಾಕ್ ಜನಕ್ಕೆ ಗೊತ್ತಾಗ್ಲಿ" ಎಂದರು. ಒಂದು ದಿನವೂ ಅವರು ನನ್ನನ್ನು ದೂರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಚಿಕ್ಕಪ್ಪ, ಎಲ್ಲರೆದುರಿಗೆ ಕೇಳುತ್ತೇನೆ, ತಪ್ಪಾಯಿತು.

ಗಾಜಿನ ಕೊಳವೆಯಲ್ಲಿ ನೇರಳೆ ಬಣ್ಣ ಕಳೆಯುವುದಕ್ಕೂ ಮನುಷ್ಯನ ಮೈಯಲ್ಲಿ ಕಾಯಿಲೆ ಗುಣವಾಗುವುದಕ್ಕೂ ನಡುವೆ ಬಹಳ ದೂರವಿದೆ. ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸೇರಿದ್ದೂ ಯಕೃತ್ತಿನಲ್ಲಿ ಬೇರೆ ರೂಪ ಪಡೆಯುತ್ತದೆ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಎಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಿಂದವರಲ್ಲಿ ಕ್ಯಾನ್ಸರ್ 18 ಶೇಕಡಾ ಹೆಚ್ಚೇ ಇತ್ತು. ಸೊಪ್ಪು ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಸೊಪ್ಪು ಊಟ. ಊಟದಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. ನುಗ್ಗೆಸೊಪ್ಪಿನ ಪಲ್ಯ, ಬಸ್ಸಾರು ತಿನ್ನಿ, ಮಕ್ಕಳಿಗೂ ಕೊಡಿ. ಆದರೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಪುಡಿ ನೋಡಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾನೂನೇ ನಿಷೇಧಿಸಿದೆ. ಅದೂ ನನಗೆ ಆಮೇಲೆ ಗೊತ್ತಾದದ್ದು.

ಲೇಬಲ್ ಬದಲಾಯಿತು. ಈಗ ಅದರ ಮೇಲೆ ಇಷ್ಟೇ ಇದೆ: ನುಗ್ಗೆ ಸೊಪ್ಪಿನ ಪುಡಿ, ಒಣಗಿಸಿದ ದಿನಾಂಕ, ಒಣಗಿಸಿದ ವಿಧಾನ, ತೂಕ, ಬೆಲೆ. ಮಾರಾಟ ಮೊದಲು ಸ್ವಲ್ಪ ಇಳಿಯಿತು, ನಿಜ. ಈಗ ಮೊದಲಿನಷ್ಟಕ್ಕೆ ಬಂದಿದೆ.

ಒಣಗಿಸುವ ಕೆಲಸವೂ ಬದಲಾಯಿತು. ಗಾಳಿಯಾಡುವ ಒಂದು ಕೋಣೆ, ಕಿಟಕಿಗೆ ಸೊಳ್ಳೆಪರದೆ, ಗೋಡೆಯುದ್ದಕ್ಕೂ ನೈಲಾನ್ ಬಲೆ ಬಿಗಿದ ಅಟ್ಟಣೆಗಳು. ಬಲೆ ಇರುವುದರಿಂದ ಗಾಳಿ ಅಡಿಯಿಂದಲೂ ಆಡುತ್ತದೆ. ಒಂದು ಎಲೆಯ ಮೇಲೆ ಇನ್ನೊಂದು ಕೂರದಷ್ಟು ತೆಳ್ಳಗೆ ಹರಡುತ್ತಾರೆ. ಮೂಲೆಯಲ್ಲೊಂದು ಫ್ಯಾನು. ನಾನು ಉಷ್ಣತೆ ಮತ್ತು ತೇವ ಅಳೆಯುವ ಒಂದು ಸಣ್ಣ ಸೆನ್ಸರ್ ಹಾಕಿ, ತೇವ ಮಿತಿ ಮೀರಿದರೆ ಅಮ್ಮನ ಫೋನಿಗೆ ಸಂದೇಶ ಬರುವಂತೆ ಮಾಡಿದ್ದೇನೆ. ಹದಿನೈದು ವರ್ಷ ಕಲಿತ ವಿದ್ಯೆಯಲ್ಲಿ ಊರಿಗೆ ನೇರವಾಗಿ ಬಂದದ್ದು ಅಷ್ಟೇ. ಸಂದೇಶ ಬಂದರೆ ಸೊಪ್ಪನ್ನು ಡ್ರೈಯರಿಗೆ ಹಾಕಿ 50 ಡಿಗ್ರಿಯಲ್ಲಿ ಮುಗಿಸುತ್ತಾರೆ. ತುಳಸಿಗೆ 40. ಮಳೆ ಹಿಡಿದ ವಾರದಲ್ಲಿ ಕೊಯ್ಲೇ ಇಲ್ಲ. ಎಲೆ ಬೆರಳಲ್ಲಿ ಪುಡಿಯಾಗಬೇಕು, ಕಡ್ಡಿ ಬಗ್ಗದೆ ಲಟ್ಟನೆ ಮುರಿಯಬೇಕು, ಎರಡು ಸಲ ತೂಗಿದರೂ ತೂಕ ಇಳಿಯಬಾರದು. ಆಗ ಒಣಗಿತು ಎಂದು ಲೆಕ್ಕ. ಆಮೇಲೆ ಬೆಳಕು ಬೀಳದ, ಗಾಳಿಯಾಡದ ಡಬ್ಬ. ಬೇಕಾದಾಗ ಮಾತ್ರ ಪುಡಿ ಮಾಡುವುದು, ಯಾಕೆಂದರೆ ಇಡೀ ಎಲೆಗಿಂತ ಪುಡಿಗೆ ಗಾಳಿ ಹೆಚ್ಚು ತಾಕುತ್ತದೆ.

ಕೊನೆಯದಾಗಿ ಮಕ್ಕಳಿಗೆ ಮತ್ತು ವಿಜ್ಞಾನದ ಮೇಷ್ಟ್ರಿಗೆ ಒಂದು ಕೋರಿಕೆ. ನಾವು ಇಲ್ಲಿ ಓದುವಾಗ ಪ್ರಯೋಗಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯ ಒಂದು ಬೀರು. ಆದರೂ ಮೇಷ್ಟ್ರು ಎಲೆಯನ್ನು ಸ್ಪಿರಿಟ್ಟಿನಲ್ಲಿ ಬೇಯಿಸಿ, ಅಯೋಡಿನ್ ಹಾಕಿ, ಪಿಷ್ಟ ನೀಲಿಯಾಗುವುದನ್ನು ನಮ್ಮ ಕೈಯಲ್ಲೇ ಮಾಡಿಸಿದ್ದರು. ಅದೇ ಅಯೋಡಿನ್ನಿನಿಂದ ಸೊಪ್ಪಿನ ಪರೀಕ್ಷೆಯನ್ನೂ ಮಾಡಬಹುದು. ಗಂಜಿಯ ತಿಳಿಗೆ ಅಯೋಡಿನ್ ಬಿದ್ದರೆ ನೀಲಿ. ವಿಟಮಿನ್ ಸಿ ಇದ್ದರೆ ಆ ನೀಲಿ ಕರಗುತ್ತದೆ. ಒಂದೇ ಮರದ ನುಗ್ಗೆಸೊಪ್ಪನ್ನು ಭಾಗ ಮಾಡಿ, ಒಂದನ್ನು ನೆರಳಲ್ಲಿ, ಒಂದನ್ನು ಬಿಸಿಲಲ್ಲಿ ಒಣಗಿಸಿ, ಒಂದನ್ನು ಬಾಣಲೆಯಲ್ಲಿ ಹುರಿದು ಒಣಗಿಸಿ. ಸಮ ತೂಕದ ಪುಡಿಯನ್ನು ಸಮ ಅಳತೆಯ ತಣ್ಣೀರಿನಲ್ಲಿ ಕದಡಿ, ಶೋಧಿಸಿ, ಒಂದೊಂದಕ್ಕೂ ಒಂದು ಚಮಚ ಗಂಜಿ ತಿಳಿ ಸೇರಿಸಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ನನ್ನು ನೀರಿನಲ್ಲಿ ತೆಳು ಮಾಡಿ, ಹನಿ ಹನಿಯಾಗಿ ಹಾಕಿ. ನೀಲಿ ಬಂದು ಹೋಗುತ್ತಿರುತ್ತದೆ. ಯಾವ ಹನಿಗೆ ನೀಲಿ ನಿಂತಿತೋ ಅಲ್ಲಿಗೆ ಎಣಿಕೆ ನಿಲ್ಲಿಸಿ. ಹೆಚ್ಚು ಹನಿ ನುಂಗಿದ ಪುಡಿಯಲ್ಲಿ ಉಳಿದದ್ದು ಹೆಚ್ಚು. ಹಸಿ ಎಲೆಯನ್ನೂ ಸೇರಿಸುವುದಾದರೆ ಅದನ್ನು ನಾಲ್ಕು ಪಟ್ಟು ತೂಗಿ, ಅರೆದ ಕೂಡಲೇ ಪರೀಕ್ಷೆ ಮಾಡಿ. ಯಾಕೆ ನಾಲ್ಕು ಪಟ್ಟು, ಯಾಕೆ ಕೂಡಲೇ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ. ಒಂದು ಎಚ್ಚರ: ಫೀನಾಲ್‌ಗಳೂ ಸ್ವಲ್ಪ ಅಯೋಡಿನ್ ನುಂಗುತ್ತವೆ, ಹಾಗಾಗಿ ಇದು ಬರೀ ವಿಟಮಿನ್ ಸಿ ಲೆಕ್ಕವಲ್ಲ, ಅಂದಾಜು. ಒಂದೇ ಸಲ ಮಾಡಿ ನಂಬಬೇಡಿ. ಮೂರು ಸಲ ಮಾಡಿ, ಬರೆದಿಡಿ.

ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ನಾಲ್ಕು ಉಷ್ಣಮಾಪಕ, ಎರಡು ಡಜನ್ ಗಾಜಿನ ಕೊಳವೆ ತಂದಿದ್ದೇವೆ. ದೊಡ್ಡ ಕೊಡುಗೆಯೇನಲ್ಲ. ಮಕ್ಕಳು ಮಾಡಿದ ಲೆಕ್ಕವನ್ನು ಸಂಘದ ಕೋಣೆಯ ಗೋಡೆಗೆ ಅಂಟಿಸಲು ಅಮ್ಮ ಒಪ್ಪಿದ್ದಾರೆ. ನಿಮ್ಮ ಲೆಕ್ಕದಲ್ಲಿ ನಮ್ಮ ವಿಧಾನ ತಪ್ಪು ಎಂದು ಕಂಡರೆ ನಾವು ವಿಧಾನ ಬದಲಾಯಿಸುತ್ತೇವೆ.

ಐವತ್ತು ವರ್ಷದಲ್ಲಿ ಈ ಶಾಲೆ ನಮಗೆ ಎಷ್ಟೋ ಕಲಿಸಿದೆ. ನೋಡಿ ಹೇಳು, ಅಳೆದು ಹೇಳು ಎಂದು ಕಲಿಸಿತ್ತು. ನಾನು ನಡುವೆ ಅದನ್ನು ಮರೆತಿದ್ದೆ. ನೆನಪಿಸಿದ್ದು ಒಂದು ಮೊರ ಸೊಪ್ಪು ಮತ್ತು ನಮ್ಮ ಚಿಕ್ಕಪ್ಪ.

ಮುಂದಿನ ಕಾರ್ಯಕ್ರಮಕ್ಕೆ ಶಾಮಿಯಾನ ಸ್ವಲ್ಪ ಈ ಕಡೆ ಎಳೆಸಿ ಸ್ವಾಮಿ, ಹಿರಿಯರೂ ನೆರಳಲ್ಲಿರಲಿ.